ಎದೆಹಾಲಾ, ಡಬ್ಬಿ ಹಾಲಾ, ಎರಡೂನಾ? ಸಂಶೋಧನೆ ನೋಡಿ ನಿರ್ಧರಿಸುವ ಬಗೆ

ಹೆರಿಗೆಯಾದ ಮೊದಲ ವಾರದಲ್ಲಿ ತಾಯಿಗೆ ಸಲಹೆ ಕೊಡುವವರಿಗೆ ಬರವೇ ಇರುವುದಿಲ್ಲ. ಎದೆಹಾಲು ಬಿಟ್ಟು ಒಂದು ಹನಿ ಬೇರೆ ಹಾಲು ಕೊಡಬೇಡಿ ಅಂತ ಒಬ್ಬರು ಹೇಳುತ್ತಾರೆ. ಮಗು ಅಳುತ್ತಲೇ ಇದೆ, ಹೊಟ್ಟೆ ತುಂಬುತ್ತಿಲ್ಲ, ಡಬ್ಬಿ ಹಾಲು ಶುರು ಮಾಡಿ ಅಂತ ಇನ್ನೊಬ್ಬರು. ಹಾಲು ಹಿಂಡುವ ಪಂಪ್ ಇಟ್ಟುಕೊಂಡರೆ ಎಲ್ಲ ಸಲೀಸು ಅಂತ ಮತ್ತೊಬ್ಬರು. ಮಧ್ಯೆ ನಿದ್ದೆಗೆಟ್ಟು, ಹೊಲಿಗೆ ನೋವು ತಡೆದುಕೊಂಡು ಕೂತಿರುವ ಬಾಣಂತಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ನನಗೆ ಬರುವ ಪ್ರಶ್ನೆಗಳೂ ಬಹುತೇಕ ಇಂಥವೇ. ಅದಕ್ಕೇ ಇಲ್ಲಿ ಆಯ್ಕೆಗಳನ್ನು ಒಂದೊಂದಾಗಿ ತೂಗಿ ನೋಡೋಣ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಎದೆಹಾಲಿನ ಪರವಾದ ಸಾಕ್ಷ್ಯ ಕೆಲವು ವಿಷಯಗಳಲ್ಲಿ ತುಂಬಾ ಗಟ್ಟಿ, ಕೆಲವು ವಿಷಯಗಳಲ್ಲಿ ಜನ ಹೇಳುವಷ್ಟು ಗಟ್ಟಿ ಇಲ್ಲ. ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಗೊತ್ತಾದರೆ ಅರ್ಧ ನಿರ್ಧಾರ ಆದಂತೆ. ಇನ್ನರ್ಧ ನಿಮ್ಮ ಮಗು, ನಿಮ್ಮ ಮೈ, ನಿಮ್ಮ ಮನೆಯ ಸ್ಥಿತಿ ನೋಡಿ ಆಗಬೇಕು.

ಯಾವ ಅಳತೆಗೋಲು ಹಿಡಿಯಬೇಕು

ಮೊದಲನೆಯದು, ಮಗುವಿನ ಕಾಯಿಲೆಯ ಅಪಾಯ ಎಷ್ಟು ಕಡಿಮೆಯಾಗುತ್ತದೆ ಅನ್ನುವುದು. ಎರಡನೆಯದು, ನೀರು ಮತ್ತು ಶುಚಿತ್ವ. ಬಾಟಲಿ ಬಳಸುವುದಾದರೆ ದಿನಕ್ಕೆ ಎಂಟು ಸಲ, ರಾತ್ರಿಯೂ ಸೇರಿ, ಅದನ್ನು ಸರಿಯಾಗಿ ತೊಳೆದು ಕುದಿಸಲು ಆಗುತ್ತಾ? ಮೂರನೆಯದು ತಾಯಿಯ ಮೈ ಮತ್ತು ಮನಸ್ಸು. ನಾಲ್ಕನೆಯದು ಸಮಯ. ಅಂದರೆ ಕೆಲಸಕ್ಕೆ ಯಾವಾಗ ಮರಳಬೇಕು, ರಾತ್ರಿ ಕೈ ಜೋಡಿಸಲು ಯಾರಿದ್ದಾರೆ ಅನ್ನುವುದು. ಐದನೆಯದು ಖರ್ಚು.

ಆರನೆಯದೊಂದು ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಾಪಸ್ ಬರಲು ದಾರಿ ಇದೆಯಾ ಅನ್ನುವುದು. ಡಬ್ಬಿ ಹಾಲನ್ನು ಯಾವ ದಿನ ಬೇಕಾದರೂ ಶುರು ಮಾಡಬಹುದು. ಎದೆಹಾಲು ಹಾಗಲ್ಲ. ಎದೆಯಿಂದ ಹಾಲು ಹೊರಗೆ ಹೋದಷ್ಟೂ ಹೊಸದಾಗಿ ಉತ್ಪತ್ತಿಯಾಗುತ್ತದೆ. ಖಾಲಿಯಾಗದೆ ಉಳಿದರೆ ಮೈ ಅದನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ನಿಂತ ಹಾಲನ್ನು ಮತ್ತೆ ತರಿಸುವುದು ಅಸಾಧ್ಯವೇನಲ್ಲ, ಆದರೆ ವಾರಗಟ್ಟಲೆ ಶ್ರಮ ಬೇಕು, ಪೂರ್ತಿ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಹಾಗಾಗಿ ಇನ್ನೂ ಮನಸ್ಸು ಗಟ್ಟಿಯಾಗಿಲ್ಲ ಅನ್ನುವವರಿಗೆ ನನ್ನ ಸಲಹೆ ಇಷ್ಟೇ: ಮೊದಲ ಕೆಲವು ವಾರ ಹಾಲು ಬತ್ತದಂತೆ ನೋಡಿಕೊಳ್ಳಿ. ಆಮೇಲೆ ಯಾವ ಕಡೆಗೆ ಬೇಕಾದರೂ ಹೊರಳಬಹುದು.

ಸಂಶೋಧನೆ ನಿಜಕ್ಕೂ ಏನು ಹೇಳುತ್ತದೆ

ಎದೆಹಾಲಿನ ಬಗ್ಗೆ ಸಂಶೋಧನೆ ಮಾಡುವುದು ಕಷ್ಟದ ಕೆಲಸ. ನೂರು ತಾಯಂದಿರನ್ನು ಕರೆದು, ನೀವು ಐವತ್ತು ಜನ ಎದೆಹಾಲು ಕೊಡಿ, ನೀವು ಐವತ್ತು ಜನ ಕೊಡಬೇಡಿ ಅಂತ ಚೀಟಿ ಎತ್ತಿ ಹೇಳಲು ಆಗುವುದಿಲ್ಲ. ಹಾಗಾಗಿ ಬಹುಪಾಲು ಅಧ್ಯಯನಗಳು ಕುಡಿಸಿದವರನ್ನೂ ಕುಡಿಸದವರನ್ನೂ ಸುಮ್ನೆ ಹೋಲಿಸಿ ನೋಡುತ್ತವೆ. ಶ್ರೀಮಂತ ದೇಶಗಳಲ್ಲಿ ಹೆಚ್ಚು ದಿನ ಎದೆಹಾಲು ಕೊಡುವವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಹೆಚ್ಚು ಅನುಕೂಲಸ್ಥರು. ಮಗು ಚೆನ್ನಾಗಿ ಬೆಳೆದದ್ದು ಹಾಲಿನಿಂದಲೋ ಮನೆಯ ಅನುಕೂಲದಿಂದಲೋ ಅಂತ ಬಿಡಿಸಿ ಹೇಳುವುದು ಹೇಗೆ?

ಈ ತೊಡಕನ್ನು ದಾಟಿದ ಒಂದು ದೊಡ್ಡ ಪ್ರಯೋಗ ಬೆಲಾರುಸ್‌ನಲ್ಲಿ ನಡೆಯಿತು. ಕೆನಡಾದ ಸಂಶೋಧಕ ಮೈಕಲ್ ಕ್ರೇಮರ್ ಮುಂದಾಳುತನದಲ್ಲಿ 1996-97ರಲ್ಲಿ 31 ಆಸ್ಪತ್ರೆಗಳ 17,046 ತಾಯಿ-ಮಕ್ಕಳನ್ನು ಸೇರಿಸಿಕೊಂಡರು. ಹಾಲು ಕೊಡಬೇಡಿ ಅಂತ ಯಾರಿಗೂ ಹೇಳಲಿಲ್ಲ. ಚೀಟಿ ಎತ್ತಿ ಆರಿಸಿದ ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಎದೆಹಾಲು ಕೊಡಲು ಚೆನ್ನಾಗಿ ನೆರವಾದರು, ಉಳಿದ ಕಡೆ ಎಂದಿನಂತೆ ನಡೆಯಲು ಬಿಟ್ಟರು. ನೆರವು ಸಿಕ್ಕ ಕಡೆ ಮೂರು ತಿಂಗಳಾದಾಗ 100ರಲ್ಲಿ 43 ಮಕ್ಕಳು ಎದೆಹಾಲನ್ನಷ್ಟೇ ಕುಡಿಯುತ್ತಿದ್ದವು. ಇನ್ನೊಂದು ಕಡೆ 6 ಮಾತ್ರ.

ಫಲಿತಾಂಶ ಏನು? ಮೊದಲ ವರ್ಷದಲ್ಲಿ ಕರುಳಿನ ಸೋಂಕು ತಗುಲಿದ ಮಕ್ಕಳು ನೆರವು ಸಿಕ್ಕ ಕಡೆ 100ಕ್ಕೆ 9, ಇನ್ನೊಂದು ಕಡೆ 13. ಎಕ್ಸಿಮಾ ಅನ್ನುವ ಚರ್ಮದ ತುರಿಕೆಯ ಕಾಯಿಲೆ 100ಕ್ಕೆ 3, ಇನ್ನೊಂದು ಕಡೆ 6. ಉಸಿರಾಟದ ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಮಕ್ಕಳನ್ನು ಆರೂವರೆ ವರ್ಷಕ್ಕೆ ಮತ್ತೆ ನೋಡಿದಾಗ ಆಸ್ತಮಾ, ಅಲರ್ಜಿ, ಬೊಜ್ಜು, ರಕ್ತದೊತ್ತಡ ಯಾವುದರಲ್ಲೂ ಲಾಭ ಕಾಣಲಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮಾತ್ರ ಕೆಲವು ಅಂಕ ಜಾಸ್ತಿ ಬಂದಿತ್ತು. 16ನೇ ವಯಸ್ಸಿಗೆ ಆ ಅಂತರವೂ ಬಹುಮಟ್ಟಿಗೆ ಕರಗಿ, ಭಾಷೆಗೆ ಸಂಬಂಧಿಸಿದ ಪರೀಕ್ಷೆಯಲ್ಲಿ ಸಣ್ಣದಾಗಿ ಉಳಿದಿತ್ತು.

ಈ ಅಂಕಿಗಳನ್ನು ಓದುವಾಗ ಎರಡು ವಿಷಯ ನೆನಪಿರಲಿ. ಇದರಲ್ಲಿದ್ದದ್ದು ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳು. ಎರಡೂ ಕಡೆಯ ತಾಯಂದಿರು ಎದೆಹಾಲು ಶುರು ಮಾಡಿದ್ದವರೇ. ಅಂದರೆ ಇದು ಹೆಚ್ಚು ಎದೆಹಾಲಿಗೂ ಕಡಿಮೆ ಎದೆಹಾಲಿಗೂ ಇರುವ ಹೋಲಿಕೆ. ಎದೆಹಾಲು ಕುಡಿದೇ ಇಲ್ಲದ ಮಕ್ಕಳ ಜೊತೆ ಹೋಲಿಸಿದರೆ ಅಂತರ ಇನ್ನೂ ದೊಡ್ಡದಿರಬಹುದು.

ಇನ್ನೊಂದು ಜಾಣ ದಾರಿ ಒಡಹುಟ್ಟಿದವರನ್ನು ಹೋಲಿಸುವುದು. ಒಂದೇ ಮನೆ, ಒಂದೇ ತಾಯಿ, ಒಂದು ಮಗು ಎದೆಹಾಲು ಕುಡಿದಿದೆ, ಇನ್ನೊಂದು ಡಬ್ಬಿ ಹಾಲು. 2014ರಲ್ಲಿ ಅಮೆರಿಕದ ಸಂಶೋಧಕರು ಹೀಗೆ ಹೋಲಿಸಿ ನೋಡಿದಾಗ ತೂಕ, ಓದು, ನಡವಳಿಕೆಯಂಥ ದೀರ್ಘಕಾಲದ ವಿಷಯಗಳಲ್ಲಿ ಬೇರೆ ಅಧ್ಯಯನಗಳಲ್ಲಿ ಕಂಡಿದ್ದ ಲಾಭ ಬಹುತೇಕ ಮಾಯವಾಗಿತ್ತು. ಮರುವರ್ಷ ಬ್ರೆಜಿಲ್‌ನ ಪೆಲೋಟಾಸ್ ನಗರದಿಂದ ಬಂದ ವರದಿ ಬೇರೆ ಮಾತು ಹೇಳಿತು. ಅಲ್ಲಿ 1982ರಲ್ಲಿ ಬಡವರು, ಉಳ್ಳವರು ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಎದೆಹಾಲು ಕೊಡುತ್ತಿದ್ದರು. ಆ ಮಕ್ಕಳು 30 ವರ್ಷದವರಾದಾಗ ನೋಡಿದರೆ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕುಡಿದವರ ಬುದ್ಧಿಮತ್ತೆಯ ಅಂಕ, ಒಂದು ತಿಂಗಳೂ ಕುಡಿಯದವರಿಗಿಂತ ಸುಮಾರು 4ರಷ್ಟು ಹೆಚ್ಚಿತ್ತು. ಆದ್ದರಿಂದ ಬುದ್ಧಿಯ ವಿಷಯದಲ್ಲಿ ವಾದ ಮುಗಿದಿಲ್ಲ. ಲಾಭ ಇದ್ದರೂ ಸಣ್ಣದು. ಅದೊಂದಕ್ಕಾಗಿ ತಾಯಿ ತನ್ನ ನೆಮ್ಮದಿ ಕಳೆದುಕೊಳ್ಳಬೇಕಿಲ್ಲ.

ಗಟ್ಟಿ ನೆಲ ಇರುವುದು ಬೇರೆ ಮೂರು ಕಡೆ. ಒಂದು, ಮೊದಲ ತಿಂಗಳುಗಳ ಸೋಂಕು. ಎದೆಹಾಲಿನಲ್ಲಿರುವ ಐಜಿಎ ಅನ್ನುವ ಪ್ರತಿಕಾಯ (ರೋಗಾಣುವನ್ನು ತಡೆಯುವ ವಸ್ತು) ಮಗುವಿನ ಗಂಟಲು, ಕರುಳಿನ ಒಳಪದರಕ್ಕೆ ಕಾವಲು ಕೂರುತ್ತದೆ. ತಾಯಿ ಉಸಿರಾಡುವ ಗಾಳಿಯಲ್ಲಿ, ತಿನ್ನುವ ಊಟದಲ್ಲಿ ಯಾವ ರೋಗಾಣು ಇದೆಯೋ ಅದಕ್ಕೆ ತಕ್ಕ ಪ್ರತಿಕಾಯವೇ ಹಾಲಿಗೆ ಇಳಿಯುತ್ತದೆ. ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆಯೂ ಎದೆಹಾಲಿನಲ್ಲಿದೆ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ. 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆ, ಎಲ್ಲೆಡೆ ಎದೆಹಾಲು ಉಣಿಸುವಂತಾದರೆ ವರ್ಷಕ್ಕೆ ಐದು ವರ್ಷದೊಳಗಿನ 8 ಲಕ್ಷ 23 ಸಾವಿರ ಮಕ್ಕಳ ಸಾವು ತಪ್ಪಬಹುದು ಅಂತ ಲೆಕ್ಕ ಹಾಕಿತು. ಆ ಜೀವಗಳು ಬಹುತೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳವು.

ಎರಡು, ತಿಂಗಳು ತುಂಬದೆ ಹುಟ್ಟಿದ ಮಕ್ಕಳು. ಇದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಮೂರು, ನಿದ್ದೆಯಲ್ಲಿ ಕಾರಣ ತಿಳಿಯದೆ ಮಗು ತೀರಿಕೊಳ್ಳುವ ಅಪಾಯ. ಕನಿಷ್ಠ ಎರಡು ತಿಂಗಳು ಎದೆಹಾಲು ಕುಡಿದ ಮಕ್ಕಳಲ್ಲಿ ಈ ಅಪಾಯ ಹೆಚ್ಚುಕಡಿಮೆ ಅರ್ಧದಷ್ಟು ಅಂತ 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿತು. ಅದಕ್ಕೆ ಎದೆಹಾಲೊಂದೇ ಆಗಿರಬೇಕು ಅಂತಿಲ್ಲ, ಸ್ವಲ್ಪ ಡಬ್ಬಿ ಹಾಲು ಸೇರಿದ್ದರೂ ರಕ್ಷಣೆ ಇತ್ತು.

ತಾಯಿಗೂ ಲಾಭವಿದೆ. 30 ದೇಶಗಳ 47 ಅಧ್ಯಯನಗಳನ್ನು ಸೇರಿಸಿ 2002ರಲ್ಲಿ ನೋಡಿದಾಗ, ಹಾಲುಣಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರ್‌ನ ಅಪಾಯ ಶೇ 4.3ರಷ್ಟು ಇಳಿಯುತ್ತದೆ ಅಂತ ತಿಳಿಯಿತು.

ಎದೆಯಿಂದಲೇ ನೇರವಾಗಿ ಕುಡಿಸುವುದು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳುವುದು ಇದನ್ನೇ. ಹುಟ್ಟಿದ ಒಂದು ಗಂಟೆಯೊಳಗೆ ಶುರು ಮಾಡಿ, ಆರು ತಿಂಗಳವರೆಗೆ ನೀರೂ ಕೊಡದೆ ಎದೆಹಾಲನ್ನಷ್ಟೇ ಕೊಡಿ, ಆಮೇಲೆ ಮೆತ್ತನೆಯ ಆಹಾರದ ಜೊತೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಮುಂದುವರಿಸಿ. ಕಾಯಿಲೆಯ ಅಳತೆಗೋಲಿನಲ್ಲಿ, ಶುಚಿತ್ವದ ಅಳತೆಗೋಲಿನಲ್ಲಿ ಇದಕ್ಕೆ ಸಾಟಿ ಇಲ್ಲ. ತೊಳೆಯುವುದು, ಕುದಿಸುವುದು ಯಾವುದೂ ಇಲ್ಲ.

ಆದರೆ ಬೆಲೆ ತೆರುವುದು ತಾಯಿಯ ಸಮಯ ಮತ್ತು ಮೈ. ಹಸುಗೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಒಂದೊಂದು ಸಲ ಅರ್ಧ ಗಂಟೆ ಅಂದರೂ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೂತೇ ಇರಬೇಕು. ಇದನ್ನು ಉಚಿತ ಅಂತ ಕರೆಯುವವರು ತಾಯಿಯ ಗಂಟೆಗಳಿಗೆ ಬೆಲೆಯೇ ಕಟ್ಟಿಲ್ಲ. ರಾತ್ರಿಯ ಪಾಳಿಯನ್ನು ಬೇರೆಯವರಿಗೆ ಹಂಚಲೂ ಆಗುವುದಿಲ್ಲ.

ಮೊದಲ ವಾರದ ತೊಂದರೆಗಳಲ್ಲಿ ಹೆಚ್ಚಿನವು ಮಗು ಎದೆ ಹಿಡಿಯುವ ರೀತಿಯಿಂದ ಬರುತ್ತವೆ. ಹತ್ತಿರದಿಂದ ನೋಡಿ. ಮಗುವಿನ ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ತೊಟ್ಟು ಮಾತ್ರ ಅಲ್ಲದೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿರಬೇಕು. ಮೊದಲು ಚುರುಕಾಗಿ ಚೀಪುತ್ತದೆ. ಹಾಲು ಇಳಿದ ಮೇಲೆ ದವಡೆ ನಿಧಾನವಾಗಿ ಆಡುತ್ತದೆ, ಗುಟುಕು ನುಂಗುವ ಸದ್ದು ಕೇಳಿಸುತ್ತದೆ. ಕೆನ್ನೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ಚಪ್ಪರಿಸುವ ಸದ್ದು ಬರುತ್ತಿದ್ದರೆ, ಕುಡಿಸಿದ ಮೇಲೆ ತೊಟ್ಟು ಚಪ್ಪಟೆಯಾಗಿದ್ದರೆ ಹಿಡಿತ ಸರಿಯಿಲ್ಲ. ಬಾಯಿಯ ಮೂಲೆಯಲ್ಲಿ ಬೆರಳು ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ನೋವು ಸಹಿಸಿಕೊಂಡು ಕೂರಬೇಡಿ. ತೊಟ್ಟು ಸೀಳಿ ರಕ್ತ ಬರುವ ಹಂತಕ್ಕೆ ಬಂದರೆ ಹಾಲುಣಿಸುವ ಬಗ್ಗೆ ತರಬೇತಿ ಪಡೆದ ನರ್ಸ್ ಅಥವಾ ವೈದ್ಯರಿಗೆ ಒಂದು ಸಲ ಕುಡಿಸಿ ತೋರಿಸಿ.

ಹಾಲು ಸಾಲುತ್ತಿಲ್ಲ ಅನ್ನುವ ಭಯದಿಂದ ನಿಲ್ಲಿಸುವವರೇ ಜಾಸ್ತಿ. ಸಂಜೆ ಹೊತ್ತು ಮಗು ಮೇಲಿಂದ ಮೇಲೆ ಕೇಳುವುದು, ಕೆಲವು ವಾರ ಕಳೆದ ಮೇಲೆ ಎದೆ ಮೆತ್ತಗಾಗುವುದು, ಇವು ಹಾಲು ಕಡಿಮೆಯಾದ ಗುರುತಲ್ಲ. ನಂಬಬೇಕಾದದ್ದು ಎರಡನ್ನು: ಮೂತ್ರ ಮತ್ತು ತೂಕ. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು, ಮಲ ಹಳದಿಗೆ ತಿರುಗಿರಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಅದು ಶೇ 10ರ ಹತ್ತಿರ ಬಂದರೆ ವೈದ್ಯರು ನೋಡಲೇಬೇಕು. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿರಬೇಕು.

ಎದೆಹಾಲಿನಲ್ಲಿ ಒಂದು ಕೊರತೆ ಇದೆ, ಅದನ್ನೂ ಹೇಳಬೇಕು. ವಿಟಮಿನ್ ಡಿ ಅದರಲ್ಲಿ ಬಹಳ ಕಡಿಮೆ. ದಿನಕ್ಕೆ 400 ಯೂನಿಟ್ ಹನಿ ಕೊಡಿ ಅಂತ ಅನೇಕ ದೇಶಗಳ ಮಕ್ಕಳ ತಜ್ಞರು ಹೇಳುತ್ತಾರೆ. ಆರು ತಿಂಗಳ ಹೊತ್ತಿಗೆ ಕಬ್ಬಿಣದ ಅಂಶವೂ ಹಾಲಿನಿಂದಷ್ಟೇ ಸಾಲುವುದಿಲ್ಲ, ಆಹಾರದಿಂದ ಬರಬೇಕು.

ಹಿಂಡಿ ತೆಗೆದು ಬಾಟಲಿಯಲ್ಲಿ ಕೊಡುವುದು

ಕೆಲಸಕ್ಕೆ ಮರಳುವವರಿಗೆ, ಎದೆ ಹಿಡಿಯಲಾಗದ ಮಗು ಇರುವವರಿಗೆ ಇದು ದೊಡ್ಡ ಆಸರೆ. ಹಾಲು ಅದೇ, ದಾರಿ ಬೇರೆ. ಹಾಲು ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದೂ ಸ್ವಲ್ಪ ಮುಖ್ಯ ಅಂತ ಸಂಶೋಧನೆಯಲ್ಲಿ ಕಂಡಿದೆ. ಕೆನಡಾದಲ್ಲಿ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ ಮೂರು ವರ್ಷದ ಹೊತ್ತಿಗೆ ಆಸ್ತಮಾ ಎಲ್ಲಕ್ಕಿಂತ ಕಡಿಮೆ ಇದ್ದದ್ದು ನೇರವಾಗಿ ಎದೆಯಿಂದ ಕುಡಿದವರಲ್ಲಿ. ಹಿಂಡಿದ ಹಾಲು ಕುಡಿದವರು ಅವರಿಗೂ ಡಬ್ಬಿ ಹಾಲು ಕುಡಿದವರಿಗೂ ನಡುವೆ ನಿಂತರು. ಬಾಟಲಿಯಲ್ಲಿ ಯಾವ ಹಾಲಿದ್ದರೂ ಮಗು ಅದನ್ನು ಕೊನೆಯವರೆಗೂ ಕುಡಿದು ಮುಗಿಸುವ ರೂಢಿ ಹೆಚ್ಚು ಅಂತಲೂ ಕಂಡಿದೆ. ಎದೆಯಲ್ಲಿ ಸಾಕೆನಿಸಿದಾಗ ಮಗುವೇ ಬಿಡುತ್ತದೆ. ಬಾಟಲಿಯಲ್ಲಿ, ಇನ್ನು ಸ್ವಲ್ಪ ಇದೆ ಅಂತ ನಾವು ತುರುಕುತ್ತೇವೆ. ಇದಕ್ಕೆ ಪರಿಹಾರ ಸುಲಭ: ಮಗುವನ್ನು ಸ್ವಲ್ಪ ನೆಟ್ಟಗೆ ಕೂರಿಸಿ, ಬಾಟಲಿಯನ್ನು ಅಡ್ಡಲಾಗಿ ಹಿಡಿದು, ನಡುನಡುವೆ ನಿಲ್ಲಿಸಿ ಕುಡಿಸಿ. ತಲೆ ತಿರುಗಿಸಿದರೆ ನಿಲ್ಲಿಸಿಬಿಡಿ.

ಸಮಯದ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಭಾರ. ಹಿಂಡುವುದಕ್ಕೆ ಒಂದು ಸಲ, ಕುಡಿಸುವುದಕ್ಕೆ ಇನ್ನೊಂದು ಸಲ, ತೊಳೆಯುವುದಕ್ಕೆ ಮತ್ತೊಂದು ಸಲ. ಪೂರ್ತಿ ಪಂಪ್ ಮೇಲೆಯೇ ನಡೆಸುವುದಾದರೆ ಮೊದಲ ವಾರಗಳಲ್ಲಿ ದಿನಕ್ಕೆ ಎಂಟು ಸಲ ಹಿಂಡಬೇಕು, ಅದರಲ್ಲಿ ಒಂದಾದರೂ ರಾತ್ರಿ. ಹಗಲು ಎರಡು ಮೂರು ಸಲ ಮಾತ್ರ ಹಿಂಡಿ, ಉಳಿದದ್ದು ಎದೆಯಿಂದ ಕೊಡುವವರಿಗೆ ಇದು ತಡೆದುಕೊಳ್ಳುವಂತೆ ಇರುತ್ತದೆ. ಪಂಪ್‌ಗೆ ಬಂದಷ್ಟೇ ಎದೆಯಲ್ಲಿರುವ ಹಾಲು ಅಂತ ಅಳೆಯಬೇಡಿ. ಮಗುವಿನಷ್ಟು ಚೆನ್ನಾಗಿ ಹಾಲು ಎಳೆಯುವ ಯಂತ್ರ ಇಲ್ಲ. ದುಬಾರಿ ಪಂಪ್ ಕೊಳ್ಳುವ ಮುಂಚೆ ಕೈಯಿಂದ ಹಿಂಡುವುದನ್ನು ಕಲಿಯಿರಿ. ಅಪರೂಪಕ್ಕೆ ಹಿಂಡುವವರಿಗೆ ಅಷ್ಟೇ ಸಾಕಾಗುತ್ತದೆ.

ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ 6 ತಿಂಗಳವರೆಗೆ ಚೆನ್ನಾಗಿರುತ್ತದೆ. ಸೆಕೆ ಜಾಸ್ತಿ ಇದ್ದರೆ 4 ಗಂಟೆ ಕಾಯಬೇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಬಿಸಿ ಮಾಡಲು ಮೈಕ್ರೋವೇವ್ ಬೇಡ, ಒಂದು ಕಡೆ ಮಾತ್ರ ಕುದಿದು ಬಾಯಿ ಸುಡುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು.

ಎರಡೂ ಸೇರಿಸಿ ಕೊಡುವುದು

ಈ ಆಯ್ಕೆಯ ಬಗ್ಗೆ ಯಾರೂ ನೆಟ್ಟಗೆ ಮಾತಾಡುವುದಿಲ್ಲ ಅನ್ನುವುದು ನನ್ನ ಬೇಸರ. ಒಂದೋ ಪೂರ್ತಿ ಎದೆಹಾಲು, ಇಲ್ಲವೇ ಸೋತಂತೆ ಅನ್ನುವ ಮಾತೇ ಕಿವಿಗೆ ಬೀಳುತ್ತದೆ. ಸಂಶೋಧನೆ ಹಾಗೆ ಹೇಳುವುದಿಲ್ಲ. ಸೋಂಕಿನ ರಕ್ಷಣೆ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಪೂರ್ತಿ ಕೊಟ್ಟರೆ ಹೆಚ್ಚು, ಅರ್ಧ ಕೊಟ್ಟರೆ ಸ್ವಲ್ಪ ಕಡಿಮೆ, ಆದರೂ ಏನೂ ಕೊಡದಿರುವುದಕ್ಕಿಂತ ಮೇಲು. ದಿನಕ್ಕೆ ಮೂರು ಸಲ ಎದೆಯಿಂದ ಕುಡಿಯುವ ಮಗುವಿಗೂ ಆ ಪ್ರತಿಕಾಯಗಳು ಸಿಗುತ್ತಲೇ ಇರುತ್ತವೆ.

ಅಪಾಯ ಒಂದೇ, ಜಾರುವುದು. ಒಂದು ಬಾಟಲಿ ಕೊಟ್ಟಾಗ ಒಂದು ಸಲ ಎದೆ ಖಾಲಿಯಾಗದೆ ಉಳಿಯುತ್ತದೆ, ಹಾಲು ಸ್ವಲ್ಪ ಇಳಿಯುತ್ತದೆ. ಮಗು ಅಳುತ್ತದೆ, ಇನ್ನೊಂದು ಬಾಟಲಿ ಬರುತ್ತದೆ. ಕೆಲವೇ ವಾರದಲ್ಲಿ ಎದೆಹಾಲು ತಾನಾಗಿ ನಿಂತುಹೋಗುತ್ತದೆ. ಇದು ಬೇಡ ಅನ್ನುವವರು ಹೀಗೆ ಮಾಡಿ. ಪ್ರತಿ ಸಲ ಮೊದಲು ಎದೆಗೆ ಹಾಕಿ, ಆಮೇಲೆ ಬೇಕಾದಷ್ಟೇ ಮೇಲುಹಾಲು ಕೊಡಿ. ಆದರೆ ಮೊದಲ ನಾಲ್ಕು ವಾರ ಅಗತ್ಯವಿಲ್ಲದೆ ಬಾಟಲಿ ಬೇಡ, ಹಾಲಿನ ಪ್ರಮಾಣ ನೆಲೆ ನಿಲ್ಲುವುದು ಆಗಲೇ. ಹಾಲು ತರಿಸುವ ಹಾರ್ಮೋನ್ ರಾತ್ರಿ ಜಾಸ್ತಿ ಇರುತ್ತದೆ, ಆದ್ದರಿಂದ ರಾತ್ರಿ ಒಂದು ಸಲವಾದರೂ ಎದೆಯಿಂದ ಕೊಡಿ. ಬಾಟಲಿಯನ್ನು ಹಗಲಿನ ಒಂದು ನಿಗದಿತ ಹೊತ್ತಿಗೆ ಇಟ್ಟುಕೊಂಡರೆ ಮೈ ಅದಕ್ಕೆ ಹೊಂದಿಕೊಳ್ಳುತ್ತದೆ.

ತೂಕ ನಿಜಕ್ಕೂ ಇಳಿದಿರುವ ಮಗುವಿಗೆ ವೈದ್ಯರು ಮೇಲುಹಾಲು ಹೇಳಿದರೆ ಹಿಂಜರಿಯಬೇಡಿ. ಹೊಟ್ಟೆ ತುಂಬಿದ ಮಗುವಿಗೆ ಎದೆ ಚೀಪಲೂ ಶಕ್ತಿ ಇರುತ್ತದೆ.

ಪೂರ್ತಿ ಡಬ್ಬಿ ಹಾಲು

ಡಬ್ಬಿ ಹಾಲು ಕುಡಿದು ಆರೋಗ್ಯವಾಗಿ ಬೆಳೆದ ಮಕ್ಕಳು ಕೋಟಿಗಟ್ಟಲೆ ಇದ್ದಾರೆ. ಶುದ್ಧ ನೀರು, ಒಳ್ಳೆಯ ವೈದ್ಯಕೀಯ ಸೌಲಭ್ಯ ಇರುವ ಮನೆಯಲ್ಲಿ, ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಅಂತರ ಮುಖ್ಯವಾಗಿ ಕೆಲವು ಸೋಂಕುಗಳಷ್ಟು. ಅದೇ ನೀರು ಸರಿಯಿಲ್ಲದ ಕಡೆ ಅಂತರ ಜೀವಕ್ಕೇ ಮುಟ್ಟುತ್ತದೆ. ಇಷ್ಟು ದೊಡ್ಡ ವ್ಯತ್ಯಾಸದಲ್ಲಿ ನೀರಿನ ಪಾಲು ದೊಡ್ಡದು ಅನ್ನುವುದನ್ನು ಒತ್ತಿ ಹೇಳಲೇಬೇಕು.

ಪುಡಿಯಲ್ಲೂ ರೋಗಾಣು ಇರಬಹುದು, ಅದು ಕ್ರಿಮಿಶುದ್ಧ ಮಾಡಿದ ವಸ್ತು ಅಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ನೀರಿನಲ್ಲೇ ಕಲಸಿ ಅನ್ನುತ್ತದೆ. ಕೈ ತೊಳೆಯಿರಿ. ನೀರು ಕುದಿಸಿ, ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡಬೇಡಿ. ಕುದಿಸಿ ಶುಚಿ ಮಾಡಿದ ಬಾಟಲಿಗೆ ಮೊದಲು ನೀರು ಅಳೆದು ಹಾಕಿ. ಡಬ್ಬಿಯೊಳಗೇ ಬಂದಿರುವ ಚಮಚದಲ್ಲಿ ಪುಡಿ ತೆಗೆದು, ಶುಚಿಯಾದ ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ಸಮ ಮಾಡಿ. ಗೋಪುರದಂತೆ ತುಂಬಬೇಡಿ, ಒತ್ತಿಯೂ ತುಂಬಬೇಡಿ. ಮುಚ್ಚಳ ಹಾಕಿ ಅಲ್ಲಾಡಿಸಿ, ಬಾಟಲಿಯನ್ನು ತಣ್ಣೀರಿನ ಕೆಳಗೆ ಹಿಡಿದು ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ. ಕಲಸಿ ಎರಡು ಗಂಟೆ ದಾಟಿದ್ದನ್ನು, ಮಗು ಕುಡಿದು ಬಿಟ್ಟದ್ದನ್ನು ಚೆಲ್ಲಿಬಿಡಿ.

ದುಡ್ಡು ಉಳಿಸಲು ಪುಡಿ ಕಡಿಮೆ ಹಾಕಿ ನೀರು ಹೆಚ್ಚಿಸುವುದು ತುಂಬಾ ಅಪಾಯ. ಮಗುವಿನ ತೂಕ ನಿಲ್ಲುತ್ತದೆ, ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಹೊಟ್ಟೆ ತುಂಬಲಿ ಅಂತ ಪುಡಿ ಜಾಸ್ತಿ ಹಾಕುವುದೂ ತಪ್ಪು, ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ.

ಹಾಗಾಗಿ ಖರ್ಚನ್ನು ಮುಂಚೆಯೇ ಲೆಕ್ಕ ಹಾಕಿ. ಮಗುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಬೇಕು. ಐದು ಕಿಲೋ ಮಗುವಿಗೆ 750 ಮಿಲಿಲೀಟರ್. ಅದಕ್ಕೆ ಹೆಚ್ಚುಕಡಿಮೆ 100 ಗ್ರಾಂ ಪುಡಿ. ಅಂದರೆ 400 ಗ್ರಾಮಿನ ಡಬ್ಬಿ ನಾಲ್ಕು ದಿನಕ್ಕೆ ಖಾಲಿ, ತಿಂಗಳಿಗೆ ಏಳೆಂಟು ಡಬ್ಬಿ. ಇದಕ್ಕೆ ಬಾಟಲಿ, ನಿಪ್ಪಲ್, ಗ್ಯಾಸ್ ಸೇರಿಸಿ. ಈ ಮೊತ್ತ ಆರು ತಿಂಗಳು ಸಲೀಸಾಗಿ ನಡೆಯುತ್ತದಾ ಅಂತ ನೋಡಿ.

ಯಾವ ಡಬ್ಬಿ ಅನ್ನುವ ತಲೆಬಿಸಿ ಬೇಡ. ಒಂದನೇ ಹಂತದ, ಹಸುವಿನ ಹಾಲಿನಿಂದ ಮಾಡಿದ, ಕಬ್ಬಿಣ ಸೇರಿಸಿದ ಸಾಮಾನ್ಯ ಪುಡಿ ಹೆಚ್ಚಿನ ಮಕ್ಕಳಿಗೆ ಸಾಕು. ಮೆದುಳಿಗೆ ಒಳ್ಳೆಯದು ಅಂತ ಡಿಎಚ್‌ಎ ಅನ್ನುವ ಕೊಬ್ಬಿನಂಶ ಸೇರಿಸಿ ಬೆಲೆ ಏರಿಸಿದ ಪುಡಿಗಳಿಂದ ತಿಂಗಳು ತುಂಬಿದ ಮಕ್ಕಳಿಗೆ ಸ್ಪಷ್ಟ ಲಾಭ ಇದೆ ಅಂತ ಅಧ್ಯಯನಗಳ ವಿಮರ್ಶೆಯಲ್ಲಿ ಕಂಡಿಲ್ಲ. ಅಲರ್ಜಿ ತಡೆಯುತ್ತದೆ ಅನ್ನುವ ಪುಡಿಗಳ ಕಥೆಯೂ ಹೀಗೇ. ಹಸುವಿನ ಹಾಲಿಗೆ ನಿಜಕ್ಕೂ ಅಲರ್ಜಿ ಇರುವ ಮಗುವಿಗೆ ಬೇರೆ ಪುಡಿ ಬೇಕು, ಅದನ್ನು ವೈದ್ಯರು ಹೇಳುತ್ತಾರೆ. ಆರು ತಿಂಗಳ ನಂತರದ ಎರಡನೇ ಹಂತದ ಹಾಲು ಅಗತ್ಯವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಡಬ್ಬಿ ಹಾಲಿನ ಜಾಹೀರಾತಿಗೆ ಕಡಿವಾಣ ಹಾಕಲು 1981ರಲ್ಲೇ ಅಂತರರಾಷ್ಟ್ರೀಯ ಸಂಹಿತೆ ಬಂದಿದೆ. ಆದ್ದರಿಂದ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಿ.

ಬೇರೆ ತಾಯಿಯ ಹಾಲು, ಹಸುವಿನ ಹಾಲು

ಹಾಲಿನ ಬ್ಯಾಂಕ್‌ಗಳಲ್ಲಿ ದಾನಿಗಳನ್ನು ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. ಸ್ವಲ್ಪ ರಕ್ಷಣಾ ಶಕ್ತಿ ಕಳೆದುಹೋದರೂ ತುಂಬಾ ಕಡಿಮೆ ತೂಕದ ಮಕ್ಕಳಿಗೆ ಅದು ಬಹಳ ಉಪಯೋಗ. ಆದರೆ ಅಪರಿಚಿತರಿಂದ ಇಂಟರ್ನೆಟ್ ಮೂಲಕ ಕೊಂಡ ಹಾಲು ಬೇಡ. 2013ರಲ್ಲಿ ಅಮೆರಿಕದಲ್ಲಿ ಹಾಗೆ ಕೊಂಡು ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಬ್ಯಾಕ್ಟೀರಿಯಾದಿಂದ ಕೆಟ್ಟಿದ್ದವು.

ಹಸುವಿನ ಹಾಲನ್ನು ಹಾಗೇ ಆರು ತಿಂಗಳೊಳಗಿನ ಮಗುವಿಗೆ ಕೊಡಬಾರದು. ಪ್ರೋಟೀನ್, ಉಪ್ಪಿನಂಶ ಜಾಸ್ತಿ, ಕಬ್ಬಿಣ ಕಡಿಮೆ, ಕರುಳಿನಲ್ಲಿ ಸಣ್ಣಗೆ ರಕ್ತ ಸೋರಿ ರಕ್ತಹೀನತೆ ಬರಬಹುದು. ಒಂದು ವರ್ಷದವರೆಗೆ ಮುಖ್ಯ ಹಾಲಾಗಿ ಅದು ಬೇಡ ಅನ್ನುವುದೇ ಹೆಚ್ಚಿನ ಮಕ್ಕಳ ತಜ್ಞರ ಮಾತು.

ಯಾರಿಗೆ ಯಾವುದು

ತಿಂಗಳು ತುಂಬದ ಮಗು ಇದ್ದರೆ ನನ್ನ ಮಾತಿನಲ್ಲಿ ಸಡಿಲಿಕೆ ಇಲ್ಲ, ತಾಯಿಯ ಹಾಲಿಗಾಗಿ ಆದಷ್ಟೂ ಪ್ರಯತ್ನಿಸಿ. ಈ ಮಕ್ಕಳ ಕರುಳಿನ ಭಾಗವೇ ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ. 1990ರಲ್ಲಿ ಬ್ರಿಟನ್‌ನಲ್ಲಿ 926 ಮಕ್ಕಳನ್ನು ಗಮನಿಸಿದಾಗ, ಡಬ್ಬಿ ಹಾಲು ಮಾತ್ರ ಕುಡಿದವರಲ್ಲಿ ಅದು ಎದೆಹಾಲು ಮಾತ್ರ ಕುಡಿದವರಿಗಿಂತ 6ರಿಂದ 10 ಪಟ್ಟು ಹೆಚ್ಚಿತ್ತು. ಮಗು ಎದೆ ಹಿಡಿಯದಿದ್ದರೂ ಹೆರಿಗೆಯಾದ ಕೆಲವೇ ಗಂಟೆಯಲ್ಲಿ ಹಿಂಡಲು ಶುರು ಮಾಡಿ. ಮೊದಲ ದಿನದ ಹಳದಿ ಹಾಲು ಒಂದು ಚಮಚ ಬಂದರೂ ಅದಕ್ಕೆ ಬೆಲೆ ಇದೆ. ತಾಯಿಯ ಹಾಲು ಸಾಲದಿದ್ದರೆ ಹಾಲಿನ ಬ್ಯಾಂಕ್ ಇದೆಯಾ ಅಂತ ಆಸ್ಪತ್ರೆಯಲ್ಲಿ ಕೇಳಿ.

ಎರಡು ಮೂರು ತಿಂಗಳಿಗೆ ಕೆಲಸಕ್ಕೆ ಮರಳುವವರು ಮೊದಲ ತಿಂಗಳು ಪೂರ್ತಿ ಎದೆಯಿಂದಲೇ ಕೊಟ್ಟು, ಮರಳುವ ಎರಡು ಮೂರು ವಾರ ಮುಂಚೆ ಹಿಂಡುವುದನ್ನು ರೂಢಿ ಮಾಡಿ. ಕೆಲಸದ ಜಾಗದಲ್ಲಿ ಹಿಂಡಲು ಜಾಗ, ಸಮಯ ಇಲ್ಲದಿದ್ದರೆ ಹಗಲು ಡಬ್ಬಿ, ಬೆಳಿಗ್ಗೆ-ರಾತ್ರಿ ಎದೆ. ಒಂದೇ ಸಲ ನಿಲ್ಲಿಸಿದರೆ ಎದೆ ಕಟ್ಟಿಕೊಂಡು ಜ್ವರ ಬರಬಹುದು, ಒಂದೊಂದು ಹೊತ್ತನ್ನೇ ಬಿಡುತ್ತಾ ಹೋಗಿ.

ನೀರಿನ ಬಗ್ಗೆ ನಂಬಿಕೆ ಇಲ್ಲದಿದ್ದರೆ, ಅಥವಾ ಡಬ್ಬಿಯ ಖರ್ಚು ಭಾರ ಅನಿಸಿದರೆ, ನೆರವಿಗೆ ಇರುವ ಎಲ್ಲ ಶಕ್ತಿಯನ್ನೂ ಎದೆಹಾಲಿಗೇ ಹಾಕಿ. ಮನೆಯವರು ಅಡುಗೆ, ಬಟ್ಟೆ, ದೊಡ್ಡ ಮಗು ನೋಡಿಕೊಂಡು ತಾಯಿಯ ಗಂಟೆಗಳನ್ನು ಬಿಡುವು ಮಾಡಿಕೊಡಲಿ.

ಸ್ತನದ ಶಸ್ತ್ರಚಿಕಿತ್ಸೆ ಆಗಿದ್ದವರಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ, ಹೆರಿಗೆಯಲ್ಲಿ ತುಂಬಾ ರಕ್ತ ಹೋದವರಿಗೆ ಹಾಲು ನಿಜಕ್ಕೂ ಕಡಿಮೆ ಇರಬಹುದು. ಅವರು ಮೊದಲೇ ಎರಡೂ ಸೇರಿಸಿ ಕೊಡುವ ಯೋಜನೆ ಇಟ್ಟುಕೊಳ್ಳಲಿ. ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅಂತ ತಾವಾಗಿಯೇ ಹಾಲು ನಿಲ್ಲಿಸಬೇಡಿ, ಹೆಚ್ಚಿನ ಔಷಧಿಗಳು ಹಾಲುಣಿಸುವಾಗ ಸುರಕ್ಷಿತ. ಕ್ಯಾನ್ಸರ್‌ನ ಕೀಮೋಥೆರಪಿ, ವಿಕಿರಣಶೀಲ ಅಯೋಡಿನ್‌ನಂಥವು ಬೇರೆ ಮಾತು. ಎಚ್‌ಐವಿ ಇರುವ ತಾಯಿ ವೈದ್ಯರ ಜೊತೆ ಕೂತೇ ನಿರ್ಧರಿಸಬೇಕು. ಗ್ಯಾಲಕ್ಟೋಸೀಮಿಯಾ ಅನ್ನುವ ಅಪರೂಪದ ಹುಟ್ಟು ಕಾಯಿಲೆ ಇರುವ ಮಗುವಿಗೆ ಎದೆಹಾಲು, ಸಾಮಾನ್ಯ ಡಬ್ಬಿ ಹಾಲು ಎರಡೂ ಆಗುವುದಿಲ್ಲ.

ಇನ್ನು ಮನಸ್ಸಿನ ವಿಷಯ. ಬ್ರಿಟನ್‌ನ ಸುಮಾರು 14,000 ತಾಯಂದಿರ ಮಾಹಿತಿ ನೋಡಿದ 2015ರ ಅಧ್ಯಯನದಲ್ಲಿ, ಎದೆಹಾಲು ಕೊಡಬೇಕೆಂದು ಬಯಸಿ ಕೊಟ್ಟವರಲ್ಲಿ ಬಾಣಂತನದ ಖಿನ್ನತೆ ಎಲ್ಲಕ್ಕಿಂತ ಕಡಿಮೆ ಇತ್ತು. ಬಯಸಿಯೂ ಕೊಡಲಾಗದವರಲ್ಲಿ ಎಲ್ಲಕ್ಕಿಂತ ಹೆಚ್ಚಿತ್ತು. ಕೊಡಲಾಗದ ತಾಯಿಯನ್ನು ಚುಚ್ಚಿ ಮಾತಾಡುವವರು ಇದನ್ನು ಓದಬೇಕು. ಪ್ರತಿ ಸಲ ಹಾಲುಣಿಸುವ ಹೊತ್ತು ಬಂದಾಗ ಅಳು ಬರುತ್ತಿದ್ದರೆ, ನಿದ್ದೆ ಪೂರ್ತಿ ಹೋಗಿದ್ದರೆ, ರಾತ್ರಿಯ ಒಂದು ಬಾಟಲಿಯನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು ನಾಲ್ಕೈದು ಗಂಟೆ ಮಲಗಿ. ಅಳು ನಿಲ್ಲದಿದ್ದರೆ ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ.

ಯಾವ ಹಾಲು ಕೊಡುತ್ತಿದ್ದರೂ ಕೆಲವು ಗುರುತು ಕಂಡರೆ ಮರುದಿನದವರೆಗೆ ಕಾಯಬೇಡಿ. ಮಗು ಎಬ್ಬಿಸಿದರೂ ಕುಡಿಯಲು ಏಳದಿರುವುದು. ಎಂಟು ಗಂಟೆ ಕಳೆದರೂ ಮೂತ್ರ ಮಾಡದಿರುವುದು. ಹಸಿರು ಬಣ್ಣದ ವಾಂತಿ. ಮಲದಲ್ಲಿ ರಕ್ತ. ಮೈಯ ಹಳದಿ ಬಣ್ಣ ಕಾಲಿನವರೆಗೆ ಇಳಿಯುವುದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ. ಇವುಗಳಲ್ಲಿ ಯಾವುದೊಂದು ಕಂಡರೂ ನೇರವಾಗಿ ಆಸ್ಪತ್ರೆಗೆ ಹೋಗಿ.